ಹಳೇ ಕಾರು ಕೊಳ್ಳುವ ಮುಂಚೆ ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ

ನಾನು ಕೊಂಡ ಕಾರು ಒಮ್ಮೆ ನೀರಲ್ಲಿ ಮುಳುಗಿ ಎದ್ದು ಬಂದದ್ದು. ಇದು ಗೊತ್ತಾಗಿದ್ದು ದುಡ್ಡು ಕೊಟ್ಟು ಎರಡು ತಿಂಗಳಾದ ಮೇಲೆ.

ನೋಡಲು ಹೋದ ದಿನ ಕಾರು ಫಳಫಳ ಅನ್ನುತ್ತಿತ್ತು. ಟೈರಿಗೂ ಪಾಲಿಶ್ ಹೊಡೆದಿದ್ದರು. ಒಳಗೆ ಕೂತರೆ ಘಮ್ಮೆನ್ನುವ ಸೆಂಟು. ಎಸಿ ಓಡುತ್ತಿತ್ತು, ಆದರೆ ನಾಲ್ಕೂ ಕಿಟಕಿ ಇಳಿಸಿದ್ದರು. ಎಸಿ ಹಾಕಿ ಕಿಟಕಿ ಯಾಕೆ ತೆಗೆದಿಟ್ಟಿದ್ದಾರೆ ಅಂತ ನನಗೆ ಹೊಳೆಯಲೇ ಇಲ್ಲ. ಮುಗ್ಗಲು ವಾಸನೆ ಹೊರಗೆ ಹೋಗಲಿ ಅಂತ, ಅಷ್ಟೇ. ‘ಈಗ ತಾನೇ ವಾಷ್ ಮಾಡಿಸಿಕೊಂಡು ಬಂದೆ ಸಾರ್’ ಅಂದರು. ಇಂಜಿನ್ ಆಗಲೇ ಬಿಸಿಯಾಗಿತ್ತು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಒಂದು ರೌಂಡ್ ಹೊಡೆದೆ, ಅವತ್ತೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಮೊದಲು ಕೈಕೊಟ್ಟಿದ್ದು ಪವರ್ ವಿಂಡೋ. ಆಮೇಲೆ ಒಂದು ಹೆಡ್‌ಲೈಟ್ ಒಳಗೆ ಮಂಜು ಕಟ್ಟಿತು. ಒಂದು ರಾತ್ರಿ ಓಡಿಸುತ್ತಿರುವಾಗಲೇ ಮೀಟರ್ ಪೂರ್ತಿ ಸತ್ತುಹೋಯಿತು. ಬೆಳಗ್ಗೆ ನೋಡಿದರೆ ಸರಿ ಇತ್ತು! ಒಂದಕ್ಕೊಂದು ಸಂಬಂಧವೇ ಇಲ್ಲದ ತೊಂದರೆಗಳು.

ಮೂರನೇ ಸಲ ಗ್ಯಾರೇಜಿಗೆ ಒಯ್ದಾಗ ಮೆಕ್ಯಾನಿಕ್ ಬಾನೆಟ್ ತೆಗೆಯಲೇ ಇಲ್ಲ. ಡ್ರೈವರ್ ಸೀಟಿನ ಬೆಲ್ಟ್ ಹಿಡಿದು ಎಳೆಯತೊಡಗಿದರು. ನಾವು ಹಾಕಿಕೊಳ್ಳುವಷ್ಟಲ್ಲ, ಒಳಗಿನ ಸುರುಳಿ ಬಿಚ್ಚಿ ಇನ್ನು ಬರೋದೇ ಇಲ್ಲ ಅನ್ನುವವರೆಗೆ. ದಿನಾ ಕೈಗೆ ಸಿಗುವ ಭಾಗ ಕಪ್ಪಗೆ, ನೀಟಾಗಿತ್ತು. ಕೊನೆಯ ಒಂದು ಮೊಳದಲ್ಲಿ ಅಡ್ಡಕ್ಕೆ ಕಂದು ಕಲೆ. ಅಲ್ಲಿಂದಾಚೆ ನೇಯ್ಗೆಯ ಎಳೆಗಳ ಮಧ್ಯೆ ಒಣಗಿದ ಕೆಸರು. ಉಗುರಲ್ಲಿ ಕೆರೆದರೆ ಪುಡಿ ಉದುರಿತು.

‘ಸೀಟು, ಮ್ಯಾಟು ಎಲ್ಲಾ ತೊಳೀತಾರೆ. ಇದನ್ನ ಯಾರೂ ಎಳೆದು ತೊಳೆಯಲ್ಲ’ ಅಂದರು.

ಆಮೇಲೆ ಒಂದೊಂದೇ ತೋರಿಸಿದರು. ಸೀಟು ಹಿಂದಕ್ಕೆ ತಳ್ಳಿ ಬಗ್ಗಿ ನೋಡಿದರೆ ಬೋಲ್ಟುಗಳ ಮೇಲೆ ದಪ್ಪ ತುಕ್ಕು. ಮಾಮೂಲಿ ಬಳಕೆಯ ಕಾರಲ್ಲಿ ಅಲ್ಲಿ ಅಷ್ಟು ತುಕ್ಕು ಬರುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಗುಂಡಿಯ ಮೂಲೆಯಲ್ಲಿ ಸಣ್ಣ ಮಣ್ಣು. ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಾಕಿದರೆ ವೈರಿನ ಕನೆಕ್ಟರ್‌ಗಳಲ್ಲಿ ಹಸಿರು ಹಿಡಿದಿತ್ತು. ಕಾಟ ಕೊಡುವುದು ಇದೇ. ನೀರು ಒಣಗಿದರೂ ಒಳಗಿನ ತಾಮ್ರ ಸವೆಯುತ್ತಲೇ ಇರುತ್ತೆ. ತಿಂಗಳುಗಟ್ಟಲೆ ಆದ ಮೇಲೆ ಒಂದೊಂದಾಗಿ ಕೆಡುತ್ತೆ. ಮಾರುವವರಿಗೆ ಅಷ್ಟು ಸಮಯ ಸಾಕಲ್ವಾ?

ಏರ್‌ಬ್ಯಾಗ್ ವಿಷಯ ನೆನೆದರೆ ಈಗಲೂ ಮೈ ಜುಂ ಅನ್ನುತ್ತೆ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹೊತ್ತಿಕೊಂಡು ಕೆಲವು ಸೆಕೆಂಡಲ್ಲಿ ಆರಬೇಕು. ನನ್ನ ಕಾರಲ್ಲಿ ಅದು ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಲೈಟ್ ಬರುತ್ತಿಲ್ಲ ಅಂದರೆ ತೊಂದರೆ ಇಲ್ಲ ಅಂದುಕೊಂಡಿದ್ದೆ, ದಡ್ಡ ನಾನು. ಲೈಟಿನ ಕನೆಕ್ಷನ್ನೇ ಕಿತ್ತಿದ್ದರು. ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಎಷ್ಟೋ ಕಾರುಗಳಲ್ಲಿ ಮುಂದಿನ ಎರಡು ಸೀಟುಗಳ ನಡುವೆ, ನೆಲಕ್ಕೆ ಹತ್ತಿರ ಇರುತ್ತೆ. ಒಳಗೆ ನೀರು ನಿಂತರೆ ಅದು ಮುಳುಗಿದಂತೆಯೇ. ಎರಡು ತಿಂಗಳು ಮಕ್ಕಳನ್ನು ಆ ಕಾರಲ್ಲೇ ಕರೆದುಕೊಂಡು ಓಡಾಡಿದ್ದೆ.

ಮಾರಿದವರಿಗೆ ಫೋನ್ ಮಾಡಿದೆ. ‘ನೀವೇ ನೋಡಿ ತಗೊಂಡಿದ್ದಲ್ವಾ ಸಾರ್’ ಅಂದರು. ಬರವಣಿಗೆಯಲ್ಲಿ ನನ್ನ ಹತ್ತಿರ ಏನೂ ಇರಲಿಲ್ಲ. ನೀವಾದರೂ ‘ಪ್ರವಾಹಕ್ಕೆ ಸಿಕ್ಕಿಲ್ಲ, ದೊಡ್ಡ ಆಕ್ಸಿಡೆಂಟ್ ಆಗಿಲ್ಲ’ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ. ಇನ್ಶೂರೆನ್ಸ್ ಕ್ಲೇಮ್, ಬಾಕಿ ಸಾಲ, ಕಾರಿಗೆ ಕೊರೆದಿರುವ ಗುರುತಿನ ನಂಬರ್, ಅಂದರೆ ಚಾಸಿಸ್ ನಂಬರ್, ಕಾಗದಪತ್ರದ ಜೊತೆ ತಾಳೆ ನೋಡುವುದು ಎಲ್ಲರಿಗೂ ಗೊತ್ತಿರುವ ಮಾತೇ. ನಾನು ಅದರಲ್ಲೂ ಸಾಲ ಒಂದನ್ನೇ ನೋಡಿದ್ದೆ.

ಇನ್ನು ಕಿಲೋಮೀಟರ್. ಅದನ್ನು ಹಿಂದಕ್ಕೆ ತಿರುಗಿಸುತ್ತಾರೆ, ನಂಬಬೇಡಿ. ಕಡಿಮೆ ಓಡಿದೆ ಅನ್ನುವ ಕಾರಿನ ಬ್ರೇಕ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದರೆ ಲೆಕ್ಕ ತಪ್ಪಿದೆ ಅಂತ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ನಂಬರ್ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅದು ಕಾರಿಗಿಂತ ಈಚಿನದಾಗಿದ್ದರೆ ಟೈರ್ ಬದಲಾಗಿದೆ ಅಂತ. ಸ್ವಲ್ಪವೇ ಓಡಿದ ಕಾರಿಗೆ ಆಗಲೇ ಯಾಕೆ ಬದಲಾಯಿತು ಅಂತ ಕೇಳಿ.

ತಣ್ಣಗಿರುವ ಇಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ. ಬಿಸಿ ಇಂಜಿನ್ ತನ್ನ ರೋಗ ಮುಚ್ಚಿಡುತ್ತೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಒಳಗೆ ಸೋರುತ್ತಿರಬಹುದು. ಕಾರಿನ ಕಂಪ್ಯೂಟರಲ್ಲಿರುವ ದೋಷ ಓದುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಮೊನ್ನೆ ಗೆಳೆಯನ ಜೊತೆ ಇನ್ನೊಂದು ಕಾರು ನೋಡಲು ಹೋಗಿದ್ದೆ. ಬೆಲ್ಟ್ ಎಳೆದೆ, ಕ್ಲೀನ್. ಸ್ಟೆಪ್ನಿ ಎತ್ತಿದೆ, ಅಲ್ಲೂ ಏನಿಲ್ಲ. ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ. ‘ನಾಳೆ ಬೆಳಗ್ಗೆ ಬರ್ತೀವಿ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ’ ಅಂದು ಬಂದೆವು. ಸಂಜೆ ಅವರೇ ಫೋನ್ ಮಾಡಿದರು, ಕಾರು ಮಾರಾಟ ಆಯಿತಂತೆ. ಗೆಳೆಯನಿಗೆ ಒಂಚೂರು ಬೇಜಾರಾಯಿತು. ನನಗಿಲ್ಲ.