ಹಾಸಿಗೆ ಪಕ್ಕದ ಮಾತೋ, ದೀರ್ಘ ಚಿಕಿತ್ಸೆಯೋ?

ಕಿರು ಸಮಾಲೋಚನೆ ಎಂದರೆ ಆಸ್ಪತ್ರೆಯ ಹಾಸಿಗೆ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತ ನರ್ಸ್ 15ರಿಂದ 30 ನಿಮಿಷ ಆಡುವ ಮಾತು: ಎಷ್ಟು ಮದ್ಯ ಕುಡಿಯುತ್ತೀರಿ, ಅದಕ್ಕೂ ಈ ಕಾಯಿಲೆಗೂ ಏನು ಸಂಬಂಧ, ಎಷ್ಟಕ್ಕೆ ಇಳಿಸುತ್ತೀರಿ? ಬೈಗುಳವಿಲ್ಲ, ಉಪದೇಶವಿಲ್ಲ. ಮಿತಿಮೀರಿ ಕುಡಿದರೂ ಇನ್ನೂ ಚಟಕ್ಕೆ ದಾಸರಾಗದವರಿಗೆ ಇದನ್ನೇ ಮೊದಲು ಆರಿಸಿ. ಕಾಯಿಲೆ ಹೆದರಿಸಿರುವ ಹೊತ್ತಿನಲ್ಲಿ ಮಾತು ನಾಟುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆಯಲ್ಲೂ 6 ತಿಂಗಳ ಬಳಿಕ ಕುಡಿತ ತಗ್ಗಿದ್ದು ಕಂಡಿತ್ತು.

ಚಟಕ್ಕೆ ದಾಸರಾಗಿ ಬೆಳಿಗ್ಗೆ ಎದ್ದೊಡನೆ ಕೈ ನಡುಗುವವರ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕುಡಿತದ ತೀವ್ರತೆ ಅಳೆಯುವ 10 ಪ್ರಶ್ನೆಗಳ ‘ಆಡಿಟ್’ ಪರೀಕ್ಷೆಯಲ್ಲಿ 20 ಅಥವಾ ಹೆಚ್ಚು ಅಂಕ ಬಂದವರದೂ ಅಷ್ಟೇ. ಅವರಿಗೆ ಔಷಧಿ, ವೈದ್ಯರ ನಿಗಾ, ತಿಂಗಳುಗಟ್ಟಲೆ ವ್ಯಸನಮುಕ್ತಿ ಚಿಕಿತ್ಸೆ ಬೇಕು. ದಯವಿಟ್ಟು ‘ಇವತ್ತೇ ಬಿಡು’ ಎಂದು ಒತ್ತಾಯಿಸಬೇಡಿ; ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು.