ಡೌನ್ ಬೇಡ ಅಂದರೆ ಯಾವುದು? ಪಾಲಿಯೆಸ್ಟರ್, ಪ್ರೈಮಾಲಾಫ್ಟ್, ಬೂರುಗದ ಹತ್ತಿ

ಡೌನ್ ಅಂದರೆ ಬಾತುಕೋಳಿ, ಹೆಬ್ಬಾತುಗಳ ಎದೆಯಲ್ಲಿ ದೊಡ್ಡ ಗರಿಗಳ ಅಡಿಗೆ ಇರುವ ಮೆತ್ತನೆಯ ಪುಕ್ಕ. ಅದನ್ನು ಬಿಟ್ಟು ಏನು ಕೊಳ್ಳಬೇಕು ಅಂತ ಕೇಳುವವರಿಗೆ ನನ್ನ ಹತ್ತಿರ ಎರಡು ಉತ್ತರ ಇದೆ. ಜಾಕೆಟ್‌ಗೆ ಸಣ್ಣ ಎಳೆಯ ಪಾಲಿಯೆಸ್ಟರ್, ಹಾಸಿಗೆಗೆ ಬೂರುಗದ ಹತ್ತಿ. ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ಪುಕ್ಕ ಯಾಕೆ ಬೇಡ? ಬಹುಪಾಲು ಮಾಂಸಕ್ಕಾಗಿ ಕೊಂದ ಹಕ್ಕಿಗಳದ್ದು. ಕೆಲವು ಕಡೆ ಜೀವಂತ ಹಕ್ಕಿಯ ಮೈಯಿಂದಲೇ ಕೀಳುತ್ತಾರೆ. 2014ರಲ್ಲಿ ಬಂದ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಅನ್ನುವ ಪ್ರಮಾಣೀಕರಣ ಹೀಗೆ ಕೀಳುವುದನ್ನೂ ಬಲವಂತವಾಗಿ ತಿನ್ನಿಸುವುದನ್ನೂ ನಿಷೇಧಿಸುತ್ತದೆ. ಒಳ್ಳೆಯದೇ. ಆದರೂ ಹಕ್ಕಿಯ ಸಾವು ತಪ್ಪುವುದಿಲ್ಲ ಅಲ್ವಾ? ನನಗೆ ಅಷ್ಟು ಸಾಲದು.

ನಮ್ಮನ್ನು ಬೆಚ್ಚಗಿಡುವುದು ಒಳಗೆ ಸಿಕ್ಕಿಕೊಂಡ ಗಾಳಿ. ಎಳೆಗಳು ಅದನ್ನು ಓಡಾಡಲು ಬಿಡದೆ ಹಿಡಿದಿಟ್ಟರೆ ಸಾಕು. ಹಾಗಾಗಿ ಒದ್ದೆಯಾದ ಮೇಲೆ, ಮಡಚಿಟ್ಟ ಮೇಲೆ, ಒಗೆದ ಮೇಲೆ ಆ ಉಬ್ಬು ಉಳಿಯುತ್ತದಾ ಅಂತ ಎಲ್ಲದರಲ್ಲೂ ನೋಡಿದೆ.

‘ಡೌನ್ ಆಲ್ಟರ್ನೇಟಿವ್’ ಅಂತ ಮಾರುವ ರಜಾಯಿಗಳಲ್ಲಿ ಸಾಮಾನ್ಯವಾಗಿ ಇರುವುದು ಪಾಲಿಯೆಸ್ಟರ್. ಹೊಸದರಲ್ಲಿ ಚೆನ್ನಾಗಿ ಉಬ್ಬಿರುತ್ತದೆ, ಮಷೀನ್‌ನಲ್ಲಿ ಒಗೆಯಬಹುದು, ಬೇಗ ಒಣಗುತ್ತದೆ. ಆದರೆ ನಾನು ಬಳಸಿದ್ದರಲ್ಲಿ ಒಗೆಯುತ್ತಾ ಹೋದಂತೆ ತುಂಬಿದ್ದೆಲ್ಲ ಮೂಲೆಗೆ ಸರಿದು ಗಂಟುಕಟ್ಟಿತು. ಬೆಳಕಿಗೆ ಹಿಡಿದರೆ ನಡುವೆ ಖಾಲಿ ಜಾಗ ಕಾಣುತ್ತಿತ್ತು. ಚಳಿ ಒಳಗೆ ಬರುತ್ತಿದ್ದುದೂ ಅಲ್ಲಿಂದಲೇ. ಇದನ್ನೇ ಕೊಳ್ಳುವುದಾದರೆ ಚಿಕ್ಕ ಚಿಕ್ಕ ಚೌಕಗಳಾಗಿ ಹೊಲಿದದ್ದನ್ನು ಆರಿಸಿ.

ಜಾಕೆಟ್‌ನ ಕಥೆ ಬೇರೆ. 1980ರ ದಶಕದಲ್ಲಿ ಅಮೆರಿಕದ ಸೇನೆಗೆ ನೆನೆದರೂ ಬೆಚ್ಚಗಿಡುವ ವಸ್ತು ಬೇಕಾಗಿತ್ತು. ಅದಕ್ಕಾಗಿ ಹುಟ್ಟಿದ್ದು ಪ್ರೈಮಾಲಾಫ್ಟ್. ಇದೂ ಪಾಲಿಯೆಸ್ಟರೇ, ಆದರೆ ಎಳೆಗಳು ತುಂಬಾ ಸಣ್ಣ, ನೀರು ಹೀರುವುದು ಬಹಳ ಕಡಿಮೆ. ಜಾಕೆಟ್‌ನ ತೋಳನ್ನು ಬಕೆಟ್ ನೀರಿನಲ್ಲಿ ಅದ್ದಿ, ಹಿಂಡಿ, ಕೊಡವಿ ಹಾಕಿಕೊಂಡೆ. ಮೊದಲು ತಣ್ಣಗೆ ಅನ್ನಿಸಿತು, ಸ್ವಲ್ಪ ಹೊತ್ತಿಗೆ ಕೈ ಬೆಚ್ಚಗಾಯಿತು. ಹಳೆಯ ಡೌನ್ ಜಾಕೆಟ್‌ಗೂ ಹಾಗೇ ಮಾಡಿದೆ. ಪುಕ್ಕವೆಲ್ಲ ಹೊಲಿಗೆಯ ತಳಕ್ಕೆ ಇಳಿದು ಉಂಡೆಯಾಯಿತು, ಬಟ್ಟೆಯ ಎರಡು ಪದರ ಒಂದಕ್ಕೊಂದು ಅಂಟಿಕೊಂಡವು. ಮಾರನೆಯ ದಿನವೂ ಒಣಗಿರಲಿಲ್ಲ.

ಕೊಳ್ಳುವಾಗ ಜಿಎಸ್‌ಎಂ ನೋಡಿ, ಅಂದರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ತುಂಬಿದ್ದಾರೆ ಅಂತ. ನಡೆಯುತ್ತಾ ಇರುವವರಿಗೆ 60 ಸಾಕು. ಸುಮ್ನೆ ನಿಂತಿರಬೇಕಾದರೆ 100 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಡೌನ್ ಗೆಲ್ಲುವುದು ತೂಕದಲ್ಲಿ. ಅಷ್ಟೇ ಬೆಚ್ಚಗೆ ಇಟ್ಟರೂ ಹಗುರ, ಮಡಚಿದರೆ ಚಿಕ್ಕದಾಗುತ್ತದೆ. ಎತ್ತರದ ಬೆಟ್ಟ ಹತ್ತುವವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಆ ಸ್ವಲ್ಪ ಭಾರ ನಾನು ಖುಷಿಯಿಂದ ಹೊರುತ್ತೇನೆ. ನನ್ನ ತಕರಾರು ಇರುವುದು ಒಗೆದಾಗ ನೀರಿಗೆ ಸೇರುವ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳ ಬಗ್ಗೆ. ಅದಕ್ಕೇ ಕೊಳೆಯಾದ ಕಡೆ ಮಾತ್ರ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ.

ಎಲ್ಲಕ್ಕಿಂತ ಇಷ್ಟವಾದದ್ದು ಬೂರುಗದ ಹತ್ತಿ. ಕಪೋಕ್ ಅಂತಲೂ ಮಾರುತ್ತಾರೆ. ಮರದ ಕಾಯಿ ಒಡೆದಾಗ ಸಿಗುವ ನುಣುಪು ಎಳೆ ಇದು, ಒಳಗೆ ಟೊಳ್ಳು, ಹೊರಗೆ ಮೇಣದಂಥ ಪದರ. ಸುಲಭಕ್ಕೆ ನೆನೆಯುವುದಿಲ್ಲ, ತೇಲುತ್ತದೆ. ಹಿಂದೆ ಲೈಫ್ ಜಾಕೆಟ್‌ಗಳಿಗೂ ಇದನ್ನೇ ತುಂಬುತ್ತಿದ್ದರು. ದಿಂಬಿನ ಮೇಲೆ ತಲೆಯಿಟ್ಟರೆ ಮೆಲ್ಲಗೆ ಒಳಗಿಳಿಯುತ್ತದೆ. ಡೌನ್ ಜೊತೆ ಬೆರೆತ ಗರಿಯ ದಂಟು ಕೆನ್ನೆಗೆ ಚುಚ್ಚುವ ತಾಪತ್ರಯ ಇಲ್ಲ. ಪಾಲಿಯೆಸ್ಟರ್ ದಿಂಬಿನಷ್ಟು ಕತ್ತು ಬೆವರುವುದೂ ಇಲ್ಲ. ಆದರೆ ಮಷೀನ್‌ಗೆ ಹಾಕುವಂತಿಲ್ಲ, ದಿನ ಕಳೆದಂತೆ ಚಪ್ಪಟೆಯಾಗುತ್ತದೆ. ಬಿಸಿಲಿಗೆ ಹಾಕಿ, ಕೈಯಿಂದ ತಟ್ಟಿ ಬಿಡಿಸಿದರೆ ಮತ್ತೆ ಉಬ್ಬುತ್ತದೆ. ಜಿಪ್ ಇರುವ ದಿಂಬು ತಗೊಳ್ಳಿ, ಆಮೇಲೆ ಇನ್ನಷ್ಟು ತುಂಬಿಸಬಹುದು. ತೆರೆದಾಗ ಎಳೆ ಹಾರುತ್ತದೆ, ಮೂಗು ಮುಚ್ಚಿಕೊಳ್ಳಿ.

ರೇಷ್ಮೆ ತುಂಬಿದ ರಜಾಯಿಯನ್ನೂ ಡೌನ್‌ಗೆ ಬದಲಿ ಅಂತ ತೋರಿಸುತ್ತಾರೆ. ಸಾಮಾನ್ಯವಾಗಿ ರೇಷ್ಮೆ ತೆಗೆಯುವುದು ಗೂಡಿನೊಳಗಿನ ಹುಳುವನ್ನು ಕೊಂದೇ. ಹಾಗಾಗಿ ಅದನ್ನು ನಾನು ಈ ಹೋಲಿಕೆಗೇ ಸೇರಿಸಿಲ್ಲ. ಪಾಲಿಯೆಸ್ಟರ್ ಜೊತೆ ಪುಕ್ಕ ಬೆರೆಸಿದ ರಜಾಯಿಗಳೂ ಇವೆ. ಲೇಬಲ್‌ನ ಸಣ್ಣ ಅಕ್ಷರ ಓದಿ, ಶೇ. 100 ಪಾಲಿಯೆಸ್ಟರ್ ಅಂತ ಇದ್ದರೆ ಮಾತ್ರ ತಗೊಳ್ಳಿ.