ಚೋರ್ ಬಜಾರಿನ ಒಂಟಿಕೋಲು, ಜೂನಾ ಬಜಾರಿನ ಜೋಡಿತುಂಡು

ಹಳೆಯ ಸ್ನೂಕರ್ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಕತ್ತರಿಸದ ಕೋಲನ್ನೇ ಕೊಳ್ಳಿ. ಪುಣೆಯಲ್ಲಿ ಒಮ್ಮೆ ಬೇಸ್ತು ಬಿದ್ದೆ, ಮುಂಬೈಯಲ್ಲಿ ಒಮ್ಮೆ ಅದೃಷ್ಟ ಕೈಹಿಡಿಯಿತು. ಈಗ ಎರಡೂ ಕೋಲುಗಳು ನನ್ನ ಡೊಂಬಿವಲಿಯ ಮನೆಯಲ್ಲಿವೆ. ಎಂಟು ತಿಂಗಳು ಎರಡರಲ್ಲೂ ಆಡಿದ ಮೇಲೆ ಬರೆಯುತ್ತಿದ್ದೇನೆ. ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳುವುದಿಲ್ಲ.

ಟೇಬಲ್ಲಿನ ಆಸೆ ಇದ್ದವರು ಮೊದಲೇ ಕೇಳಿಬಿಡಿ. ಪೂರ್ಣ ಅಳತೆಯದು 12 ಅಡಿ ಉದ್ದ, 6 ಅಡಿ ಅಗಲ. ಹಸಿರು ಬಟ್ಟೆಯ ಕೆಳಗೆ ಐದು ಸ್ಲೇಟ್ ಹಾಸುಗಳು, ತೂಕ ಒಂದು ಟನ್ನಿಗೂ ಮೇಲೆ. ಕೋಲು ಹಿಂದಕ್ಕೆ ಎಳೆಯಲು ನಾಲ್ಕೂ ಕಡೆ ಐದೈದು ಅಡಿ ಬಿಡಬೇಕು. ಅಂದರೆ 22 ಅಡಿಗೆ 16 ಅಡಿಯ ಕೋಣೆ. ನಮ್ಮ ಸೊಸೈಟಿಯಲ್ಲಿ ಅಷ್ಟು ಜಾಗವಿರುವುದು ಸ್ಕೂಟರ್ ನಿಲ್ಲಿಸುವಲ್ಲಿ ಮಾತ್ರ. ಸ್ಲೇಟಿಲ್ಲದ ಚಿಕ್ಕ ಹಲಗೆ ಟೇಬಲ್ಲುಗಳು ಅಗ್ಗಕ್ಕೆ ಸಿಗುತ್ತವೆ, ಒಂದು ಮಳೆಗಾಲ ಕಳೆದರೆ ಚೆಂಡು ತಾನಾಗಿಯೇ ಒಂದು ಮೂಲೆಗೆ ಉರುಳುತ್ತದೆ. ಹಾಗಾಗಿ ಸಂಗ್ರಹದ ಚಪಲ ಇರುವ ನನ್ನಂಥ ಗುಮಾಸ್ತನಿಗೆ ಉಳಿಯುವುದು ಕೋಲು ಒಂದೇ.

ಈ ಚಪಲ ಹತ್ತಿದ್ದು ಸೋದರಮಾವನ ದೆಸೆಯಿಂದ. ಉಡುಪಿಯಿಂದ ಬಂದು ದಕ್ಷಿಣ ಮುಂಬೈಯ ಒಂದು ಜಿಮಖಾನಾದಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ರಜೆಯಲ್ಲಿ ಹೋದಾಗ ಅಲ್ಲಿ ಬಿಲಿಯರ್ಡ್ಸ್ ಆಟದ ಅಂಕ ಬರೆಯುವ ಮಾರ್ಕರ್ ನನಗೆ ಕೋಲನ್ನು ಕಣ್ಣಿಗೆ ಹಿಡಿದು ನೋಡುವುದನ್ನು ಕಲಿಸಿದರು. ಟೇಬಲ್ ಮೇಲೆ ಉರುಳಿಸಿ ನೋಡುವುದು ಆಮೇಲಿನ ಮಾತು. ಮೊದಲು ಬಂದೂಕಿನ ಗುರಿ ನೋಡುವ ಹಾಗೆ ಬುಡದಿಂದ ತುದಿಗೆ ಕಣ್ಣು ಹಾಯಿಸಬೇಕು. ಪುಣೆಯಲ್ಲಿ ನಾನು ಅದನ್ನೇ ಮರೆತೆ.

ಅಲ್ಲಿ ಜೂನಾ ಬಜಾರು ಸೇರುವುದು ಭಾನುವಾರ ಮತ್ತು ಬುಧವಾರ. ತುಕ್ಕು ಹಿಡಿದ ಸ್ಪ್ಯಾನರುಗಳ ರಾಶಿಯ ಪಕ್ಕದಲ್ಲಿ ಎರಡು ತುಂಡಿನ ಕ್ಯೂ ಬಿದ್ದಿತ್ತು. ಮಾರುವವನು ನನ್ನ ಮುಖ ನೋಡಿದ್ದೇ ತಡ, ವಿಲ್ಸನ್ ಜೋನ್ಸ್ ಆಡಿದ ಕೋಲು ಎಂದುಬಿಟ್ಟ. ಜೋನ್ಸ್ ಪುಣೆಯಲ್ಲೇ ಹುಟ್ಟಿದವರು, 1958ರಲ್ಲಿ ಕಲ್ಕತ್ತದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದವರು. ಅವರು ಮುಟ್ಟಿದರೆಂದು ಮಾರಾಟವಾಗುವ ಕೋಲುಗಳನ್ನೆಲ್ಲ ಒಟ್ಟುಮಾಡಿದರೆ ಒಂದು ಬಿದಿರುಮೆಳೆಯೇ ಆದೀತು. ನಾನು ನಂಬಲಿಲ್ಲ, ಆದರೆ ಕೊಂಡೆ. 1,800 ರೂಪಾಯಿ. ಅರ್ಧಕ್ಕೇ ಬಿಚ್ಚಿ ಕೈಚೀಲಕ್ಕೆ ಸೇರಿಸಬಹುದಲ್ಲ ಎಂಬ ಸೋಮಾರಿತನವೇ ಅದಕ್ಕೆ ಕಾರಣ.

ಮನೆಗೆ ಬಂದು ನೋಡಿದರೆ, ಅದು ಮೂಲದಲ್ಲಿ ಒಂಟಿಕೋಲು. ಯಾರೋ ನಡುವೆ ಗರಗಸ ಹಾಕಿ ಹಿತ್ತಾಳೆಯ ತಿರುಪು ಕೂಡಿಸಿದ್ದಾರೆ. ತಿರುಪಿನ ಹಲ್ಲು ಸವೆದು, ಬಿಗಿ ಮಾಡುತ್ತ ಹೋದರೆ ಗುರುತು ದಾಟಿ ತಿರುಗುತ್ತದೆ. ಆಗ ಮರದ ಎಳೆಗೆ ಎಳೆ ಕೂಡುವುದಿಲ್ಲ, ಕೋಲು ನಡುವಿನಲ್ಲಿ ಸೊಟ್ಟಗಾಗುತ್ತದೆ. ಗುರುತಿಗೇ ನಿಲ್ಲಿಸಿದರೆ ಪ್ರತಿ ಹೊಡೆತಕ್ಕೂ ಒಳಗೆ ಒಂದು ‘ಟಿಕ್’. ರಿಪೇರಿಗೆ ಇನ್ನೂ 900 ಹೋಯಿತು, ಟಿಕ್ ಹೋಗಲಿಲ್ಲ.

ಮುಂಬೈಯ ಚೋರ್ ಬಜಾರಿನ ಒಂಟಿಕೋಲು ಶುಕ್ರವಾರ ಬೆಳಗಿನ ಜುಮ್ಮಾ ಬಜಾರಿನಲ್ಲಿ ಸಿಕ್ಕಿದ್ದು. ಆ ದಿನ ಮಟನ್ ಸ್ಟ್ರೀಟಿನ ಅಂಗಡಿಗಳು ಮುಚ್ಚಿರುತ್ತವೆ, ಸರಕು ರಸ್ತೆಯ ಮೇಲೆಯೇ ಹರಡಿಕೊಂಡಿರುತ್ತದೆ. ಉದ್ದನೆಯ ಕಪ್ಪು ತಗಡಿನ ಕೊಳವೆ, ಒಳಗೆ 58 ಅಂಗುಲದ ಆ್ಯಶ್ ಮರದ ಕೋಲು. ಬುಡದಲ್ಲಿ ಕರಿಮರ. ಆ್ಯಶ್ ಮರದೊಳಕ್ಕೆ ಚಾಚಿದ ಕರಿಮರದ ನಾಲ್ಕು ಮೊನೆಗಳು ಚೂಪಾಗಿರಲಿಲ್ಲ, ಉಗುರಿನ ಹಾಗೆ ದುಂಡಗಿದ್ದವು, ಒಂದಕ್ಕೊಂದು ಎತ್ತರ ಸರಿಯಾಗಿರಲೂ ಇಲ್ಲ. ಅದು ಕೈಯಲ್ಲಿ ಬೆಸೆದ ಕೋಲಿನ ಲಕ್ಷಣ. ಯಂತ್ರದಲ್ಲಿ ಬೆಸೆದದ್ದಾದರೆ ಮೊನೆಗಳು ಚೂರಿಯಂತೆ ಚೂಪು. ತಯಾರಕರ ಹೆಸರಿರುವ ಬುಡದ ಬಿಲ್ಲೆಯನ್ನು ನಂಬಬೇಡಿ, ಹಳೆಯ ಬಿಲ್ಲೆಯನ್ನು ಹೊಸ ಕೋಲಿಗೆ ಅಂಟಿಸುವವರಿದ್ದಾರೆ. ಈ ಸಲ ಕಣ್ಣಿಗೆ ಹಿಡಿದು ನೋಡಿದೆ. 4,500 ಹೇಳಿದ, 2,200ಕ್ಕೆ ಕೊಟ್ಟ. ಜೊತೆಗೆ ದಂತದ ಚೆಂಡುಗಳೂ ಇವೆ, ಬೇಕೇ ಎಂದ. ದಂತದ ವ್ಯಾಪಾರ ನಮ್ಮಲ್ಲಿ ಕಾನೂನುಬಾಹಿರ. ಅಸಲಿಯಾದರೆ ಜೈಲು, ನಕಲಿಯಾದರೆ ನಷ್ಟ. ಕೈಮುಗಿದು ಬಂದೆ.

ಇಷ್ಟೆಲ್ಲ ಹೊಗಳಿದ ಕೋಲಿನ ಒಂದು ಕಾಟವಿದೆ, ಅದನ್ನು ಬರೆಯದಿದ್ದರೆ ನೀವು ನನ್ನನ್ನು ಬೈಯುತ್ತೀರಿ. ಕೊಳವೆ ಸೇರಿ ಅದು ಹೆಚ್ಚುಕಡಿಮೆ ಐದು ಅಡಿ. ಕೊಂಡ ದಿನ ಬೆಳಿಗ್ಗೆ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಹತ್ತಿದ ಕಲ್ಯಾಣ್ ಲೋಕಲ್ ಖಾಲಿ ಇತ್ತು, ಕೋಲಿಗೂ ಒಂದು ಸೀಟು ಸಿಕ್ಕಿತು. ಆ ಸುಖವೇ ನನ್ನನ್ನು ಮೋಸಗೊಳಿಸಿತು. ಮುಂದಿನ ಮಂಗಳವಾರ ಅದನ್ನು ಕಚೇರಿಗೆ ಒಯ್ದು, ಸಂಜೆ ದಾದರಿನ ಸ್ನೂಕರ್ ಪಾರ್ಲರಿನಲ್ಲಿ ಆಡಿ, ಎಂಟು ಗಂಟೆಯ ಸ್ಲೋ ಲೋಕಲ್ ಹಿಡಿದೆ.

ಕುರ್ಲಾ ಬರುವಷ್ಟರಲ್ಲಿ ನನ್ನ ಎರಡೂ ಕೈ ಮೇಲೆ ಸಿಕ್ಕಿಕೊಂಡಿದ್ದವು. ಕೊಳವೆ ನನ್ನ ಕಾಲುಗಳ ನಡುವೆ ನೆಟ್ಟಗೆ ನಿಂತಿತ್ತು. ಘಾಟ್ಕೋಪರಿನಲ್ಲಿ ಹತ್ತಿದ ಒಬ್ಬರು ಅದನ್ನು ಡಬ್ಬಿಯ ಕಂಬವೆಂದೇ ತಿಳಿದು ಹಿಡಿದುಕೊಂಡರು. ಮುಲುಂಡಿನಲ್ಲಿ ಇನ್ನೊಂದು ಕೈ ಸೇರಿತು. ಇದು ಕಂಬವಲ್ಲ ಸ್ವಾಮಿ ಎಂದು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿದೆ. ಹಿಡಿದವರು ನಗುತ್ತಾ, ಬಿಟ್ಟರೆ ಬೀಳುತ್ತೇನೆ ಎಂದರು. ಅದೂ ನಿಜವೇ. ಡೊಂಬಿವಲಿಯಲ್ಲಿ ಜನ ನನ್ನನ್ನು ಇಳಿಸಿದರು, ಕೋಲನ್ನು ಇಳಿಸಲಿಲ್ಲ. ಮತ್ತೆ ಒಳಗೆ ನುಗ್ಗಿ, ಠಾಕುರ್ಲಿಯಲ್ಲಿ ಇಬ್ಬರೂ ಇಳಿದೆವು. ಅಲ್ಲಿಂದ ಹಿಂದಕ್ಕೆ ರಿಕ್ಷಾ. ಕೊಳವೆ ಒಂದು ಪಕ್ಕದಿಂದ ಹೊರಚಾಚಿಕೊಂಡಿದ್ದರಿಂದ ರಿಕ್ಷಾದವನು ದಾರಿಯುದ್ದಕ್ಕೂ ಗೊಣಗಿದ. ಮನೆಯ ಬಾಗಿಲು ತೆಗೆದ ನನ್ನಾಕೆ, “ಇದೇನು, ಪರದೆ ಕಟ್ಟುವ ಸರಳು ತಂದಿರಾ?” ಎಂದಳು.

ಇಂಥ ರಾತ್ರಿ ಪುಣೆಯ ಜೋಡಿತುಂಡು ಚೀಲದೊಳಗೆ ಬೆಚ್ಚಗೆ ಮಲಗಿರುತ್ತಿತ್ತು. ಒಪ್ಪುತ್ತೇನೆ.

ಆದರೆ ಆಟದಲ್ಲಿ? ಎರಡರ ತುದಿಗೂ ಒಂದೇ ಡಬ್ಬಿಯ ಚರ್ಮದ ಟಿಪ್ ಹಾಕಿಸಿ ಪರೀಕ್ಷಿಸಿದೆ. ಕಂದು ಚೆಂಡಿನ ಜಾಗದಲ್ಲಿ ಬಿಳಿ ಚೆಂಡಿಟ್ಟು, ನೀಲಿ, ಗುಲಾಬಿ, ಕಪ್ಪು ಚುಕ್ಕೆಗಳ ಮೇಲೆ ಹಾಯಿಸಿ, ಎದುರಿನ ಅಂಚಿನ ಕುಶನ್ನಿಗೆ ಬಡಿದು ಅದೇ ಗೆರೆಯಲ್ಲಿ ಟಿಪ್ಪಿಗೇ ಮರಳುವಂತೆ ಹೊಡೆಯಬೇಕು. ಒಂಟಿಕೋಲಿನಲ್ಲಿ ಹತ್ತಕ್ಕೆ ಏಳು ಮರಳಿದವು, ಜೋಡಿತುಂಡಿನಲ್ಲಿ ನಾಲ್ಕು. ಚೆಂಡು ತಾಗಿದ್ದು ಒಂಟಿಕೋಲಿನಲ್ಲಿ ಅಂಗೈವರೆಗೂ ತಿಳಿಯುತ್ತದೆ. ಜೋಡಿತುಂಡಿನಲ್ಲಿ ಸುದ್ದಿ ನಡುವಿನ ಹಿತ್ತಾಳೆಯ ಹತ್ತಿರವೇ ನಿಂತುಬಿಡುತ್ತದೆ. ತೂಕ ಎರಡರದೂ ಸರಿಸುಮಾರು ಒಂದೇ.

ಮಳೆಗಾಲದಲ್ಲಿ ಎರಡನ್ನೂ ಗೋಡೆಗೆ ಒರಗಿಸಬೇಡಿ, ಬಾಗುತ್ತವೆ. ತಗಡಿನ ಕೊಳವೆ ಒಳಗೇ ಬೆವರುತ್ತದೆ. ನಾನು ಹಳೆಯ ಪಂಚೆ ಸುತ್ತಿ ಕಪಾಟಿನ ಮೇಲೆ ಉದ್ದಕ್ಕೆ ಮಲಗಿಸುತ್ತೇನೆ.

ಮೂರನೆಯ ದಾರಿ, ಅಂದರೆ ಹೊಸ ಕ್ಯೂ, ನನ್ನ ದುಡ್ಡಿಗೆ ಸಿಗುವ ಮಟ್ಟದಲ್ಲಿ ಬಣ್ಣ ಮಾತ್ರ ಚೆನ್ನಾಗಿತ್ತು.

ನಾನೀಗ ಭಾನುವಾರ ಬೆಳಿಗ್ಗೆ ಮಾತ್ರ ಆಡುತ್ತೇನೆ, ಆರು ಗಂಟೆಯ ಲೋಕಲಿನಲ್ಲಿ ಹೋಗಿ. ಕೋಲಿಗೆ ಸೀಟು ಸಿಗುತ್ತದೆ. ವಾರದ ದಿನಗಳಲ್ಲಿ ಕಚೇರಿಯಿಂದ ನೇರ ಆಡಲು ಹೋಗುವವರಿಗೆ ಜೋಡಿತುಂಡೇ ಗತಿ, ಆದರೆ ಜೋಡಿಸಲೆಂದೇ ತಯಾರಾದದ್ದನ್ನು ಕೊಳ್ಳಿ, ಗರಗಸ ಕಂಡದ್ದನ್ನಲ್ಲ. ನನ್ನದೇ ಬೇಕೆಂದರೆ 1,500ಕ್ಕೆ ಕೊಡುತ್ತೇನೆ. ‘ಟಿಕ್’ ಇದೆ ಎಂದು ಮೊದಲೇ ಹೇಳಿದ್ದೇನೆ, ಆಮೇಲೆ ಜಗಳ ಬೇಡ.